ನೈಲಾನ್ ಡ್ರೆಸ್ಸಿನ ಮುಂದೆ ನನ್ನ ಸ್ತ್ರೀವಾದ

ಈಚೆಗೆ ಒಂದು ಭಾನುವಾರ, ಹೈದರಾಬಾದಿನ ಹೊರವಲಯದ ಥೀಮ್ ಪಾರ್ಕೊಂದರಲ್ಲಿ, ನೂರಾರು ಜನರ ಎದುರು ಇಬ್ಬರು ಜಗಳಕ್ಕೆ ನಿಂತರು. ಒಬ್ಬಳಿಗೆ ಹದಿನಾರು, ಈಗಷ್ಟೇ ಹತ್ತನೇ ತರಗತಿ ಮುಗಿಸಿದ್ದಾಳೆ. ಇನ್ನೊಬ್ಬಳಿಗೆ ನಲವತ್ತಾರು, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಕಿಡಿ ಕಾರುತ್ತಾಳೆ.

"ಆ ಡ್ರೆಸ್ ಬ್ಯಾಡ, ನೋಡಿದ ಮಂದಿ ಏನಂತಾರ?" ಎಂದು ಹಟ ಹಿಡಿದವಳು ಇಬ್ಬರಲ್ಲಿ ಯಾರು?

ಹೌದು. ನಾನೇ.

ಹುಡುಗಿ ನನ್ನ ಅಣ್ಣನ ಮಗಳು ಸಂಘಮಿತ್ರಾ. ಮನೆಯಲ್ಲಿ ಮಿತ್ರಾ. ಅಣ್ಣನಿಗೆ ಹಲಬರ್ಗಾದಲ್ಲಿ ಹೊಲ, ಭಾಲ್ಕಿಯಲ್ಲಿ ಮನೆ. ಬೀದರಿಗೆ ಬಂದು, ಮೈಲೂರಿನ ನಮ್ಮ ಮನೆಯಲ್ಲಿದ್ದು ಪಿಯುಸಿ ಓದಬೇಕೆಂಬುದು ಅವಳ ಆಸೆ. ಅಣ್ಣ ಒಪ್ಪಿದ್ದ, ಅರ್ಧ ಮನಸ್ಸಿನಿಂದ. (ಭಾಲ್ಕಿಯಿಂದ ನೋಡಿದರೆ ಬೀದರು ನ್ಯೂಯಾರ್ಕಿಗಿಂತ ಸ್ವಲ್ಪವೇ ಚಿಕ್ಕದು.) "ಸೂಟಿಯಾಗ ಆಕಿನ್ನ ಎಲ್ಲಿಗಾದ್ರೂ ಕರಕೊಂಡು ಹೋಗಿ ಬಾ. ನಿನ್ನ ಜೋಡಿ ಹ್ಯಾಂಗ ಇರ್ತಾಳ ನೋಡಮು. ಆಮ್ಯಾಲ ಅಡ್ಮಿಷನ್ ಮಾತು" ಎಂದ.

ಅಂದರೆ ಟೆಸ್ಟ್ ಡ್ರೈವ್. ಪರೀಕ್ಷೆ ಅವಳಿಗೆ ಎಂದೇ ನಾನು ತಿಳಿದಿದ್ದೆ.

ಬೆಳಗಿನ ಬಸ್ಸಿಗೆ ಹೊರಟೆವು. (ನಮ್ಮ ಯಜಮಾನರು ಮೊಣಕಾಲು ನೋವೆಂದು ಮನೆಯಲ್ಲೇ ಉಳಿದರು. ಅದೇ ಮೊಣಕಾಲಿನ ಮೇಲೆ ಅವರು ದಿನಾ ಕೋಟೆ ಸುತ್ತಿ ಬರುತ್ತಾರೆ.) ಪಾರ್ಕು ಹೊಕ್ಕ ಕೂಡಲೇ ಮಿತ್ರಾ ನನ್ನನ್ನು ರೋಲರ್ ಕೋಸ್ಟರಿನಲ್ಲಿ ಕೂರಿಸಿದಳು. ಅವಳು ಖುಷಿಗೆ ಕಿರುಚಿದಳು. ನಾನೂ ಕಿರುಚಿದೆ. ಕಾರಣ ಮಾತ್ರ ಬೇರೆ. ಕೆಳಗಿಳಿದಾಗ ಸೀರೆಯ ನೆರಿಗೆ ಒಂದು ಕಡೆ, ನಾನು ಒಂದು ಕಡೆ.

ಅಲ್ಲಿಯವರೆಗೆ ಎಲ್ಲ ಸುಸೂತ್ರ. ಗಲಾಟೆ ಶುರುವಾದದ್ದು ನೀರಿನಾಟದ ವಿಭಾಗದಲ್ಲಿ. ಹತ್ತಿ ಬಟ್ಟೆ ಹಾಕಿಕೊಂಡವರಿಗೆ ಪ್ರವೇಶವಿಲ್ಲ, ನೈಲಾನ್ ಡ್ರೆಸ್ಸೇ ಬೇಕು ಎಂದು ಬೋರ್ಡು ಹಾಕಿದ್ದರು. ಪಕ್ಕದ ಕೌಂಟರಿನಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಅರ್ಧ ತೋಳು, ಮೊಣಕಾಲಿನ ತನಕ ಕಪ್ಪು ಚಡ್ಡಿ. ಮಿತ್ರಾ ಒಂದನ್ನು ಆರಿಸಿಕೊಂಡೂ ಬಿಟ್ಟಳು.

"ಬ್ಯಾಡ" ಎಂದೆ. "ನಿಮ್ಮಪ್ಪ ನನ್ನ ಜವಾಬ್ದಾರಿ ಮ್ಯಾಲ ಕಳಸ್ಯಾನ. ಯಾರರ ನೋಡಿದ್ರ?"

"ಅತ್ತಿ, ಇಲ್ಲಿ ನಮ್ಮನ್ನ ಯಾರು ನೋಡ್ತಾರ್ರಿ? ಎಲ್ಲಾರೂ ತಮ್ಮ ತಮ್ಮ ಹೊಟ್ಟಿ ಮುಚ್ಕೊಳ್ಳೋದ್ರಾಗೇ ಇದ್ದಾರ."

ನಿಜವೇ. ಆದರೂ ನಾನು ಬಗ್ಗಲಿಲ್ಲ. ಆಗ ಅವಳು ಜೋರು ಮಾಡದೆ, ಮೆತ್ತಗೆ ಹೇಳಿದಳು: "ಬಟ್ಟಿಯಾಗ ಮರ್ಯಾದಿ ಹುಡುಕೋ ಸಮಾಜ ಅಂತ ಬರದಿದ್ರಿ ನೋಡ್ರಿ, ಅದನ್ನ ನಮ್ಮ ಸಾಲಿ ಪ್ರಾರ್ಥನಾದಾಗ ನಾನೇ ಓದೀನಿ. ಎಲ್ಲಾರೂ ಚಪ್ಪಾಳಿ ಹೊಡದ್ರು."

ಓದುಗರೇ, ಸ್ವಂತ ಲೇಖನ ಹೀಗೆ ಮುಖಕ್ಕೆ ಬಂದು ಬಡಿದ ಅನುಭವ ನಿಮಗಿದೆಯೇ? ಬಾಯಿ ಮುಚ್ಚಿಕೊಂಡು ಬಾಡಿಗೆ ಕೊಟ್ಟೆ.

ಮಿತ್ರಾ ಕೃತಕ ಅಲೆಗಳ ಕೊಳಕ್ಕೆ ಇಳಿದಳು. ನಾನು ದಂಡೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೀಲ ಕಾಯುತ್ತ ಕೂತೆ. ಪಕ್ಕದಲ್ಲಿ ಬುರ್ಖಾದಂಥದೇ ಈಜುಡುಗೆ ತೊಟ್ಟ ಒಬ್ಬ ಹೆಂಗಸು, ಇಬ್ಬರು ಮಕ್ಕಳನ್ನು ನೀರಿಗೆ ಬಿಟ್ಟು ಕೂತಿದ್ದರು. ಮಾತಿಗೆ ಮಾತು ಬೆಳೆದು, "ನಾವೂ ಬೀದರದವ್ರೇ ಇದ್ದೀವ್ರಿ" ಎಂದು ನಕ್ಕರು. ಹೆಸರು ನಸೀಮಾ. ಹಳೇ ಊರಿನಲ್ಲಿ ಅವರದು ಬಟ್ಟೆ ಅಂಗಡಿ.

ಅಷ್ಟರಲ್ಲಿ ಕೊಳದಲ್ಲಿ ಮಿತ್ರಾ ನಿಂತಲ್ಲೇ ನಿಂತದ್ದು ಕಂಡಿತು. ಅವಳ ನೋಟ ಹೋದತ್ತ ನೋಡಿದೆ. ಮೂರು ಮಂದಿ ಯುವಕರು, ಕೊರಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮೊಬೈಲು. ಅದನ್ನು ಎತ್ತಿ ಹಿಡಿದು, ನೀರಿನಲ್ಲಿದ್ದ ಹೆಣ್ಣುಮಕ್ಕಳ ವಿಡಿಯೋ ಮಾಡುತ್ತಿದ್ದರು.

ಸ್ತ್ರೀ ಸ್ವಾತಂತ್ರ್ಯದ ಅಂಕಣಗಾರ್ತಿ ಆಗ ಏನು ಮಾಡಿದಳು? ಸೀರೆ ಎತ್ತಿಕೊಂಡು ಮೊಣಕಾಲುದ್ದ ನೀರಿಗಿಳಿದು, ಅಣ್ಣನ ಮಗಳ ಕೈ ಹಿಡಿದು ಎಳೆದಳು. "ನಡಿ, ಮನಿಗಿ ಹೋಗಮು."

"ಯಾಕ?"

"ಯಾಕಂದ್ರ? ಅವ್ರು ವಿಡಿಯೋ ಮಾಡ್ಲತ್ತಾರ!"

"ವಿಡಿಯೋ ಮಾಡ್ಲತ್ತಾವ್ರು ಅವ್ರು. ನಾ ಯಾಕ ಮನಿಗಿ ಹೋಗ್ಲಿ?"

ಬರೆಯುವಾಗ ಸಾಲುಗಟ್ಟಿ ಬರುವ ಉತ್ತರಗಳು ಆಗ ಒಂದೂ ಬರಲಿಲ್ಲ. ಹಿಂದೆಯೇ ಬಂದಿದ್ದ ನಸೀಮಾ ನನ್ನ ತೋಳು ಹಿಡಿದರು. "ಬಚ್ಚೀ ಸಹೀ ಬೋಲ್ ರಹೀ, ಬಾಜೀ. ಆಪ್ ಕಾಯ್ಕೂ ಡರ್ತೇ?" ಅಕ್ಕಾ, ಹುಡುಗಿ ಹೇಳುವುದು ಸರಿಯಿದೆ, ನೀವೇಕೆ ಹೆದರುತ್ತೀರಿ ಎಂದು.

ಮಿತ್ರಾ ಕೈ ಬಿಡಿಸಿಕೊಂಡು ನೇರವಾಗಿ ಸೀಟಿ ಹಿಡಿದು ನಿಂತಿದ್ದ ಕಾವಲುಗಾರನ ಬಳಿ ಹೋದಳು. ನಸೀಮಾ ಅವಳ ಬೆನ್ನಿಗೆ. ಕಾವಲುಗಾರ ಮೊದಲು "ಬಿಡಮ್ಮಾ" ಎಂಬಂತೆ ಕೈಯಾಡಿಸಿದ. ಮಿತ್ರಾ ಕದಲಲಿಲ್ಲ. "ಸೀಟಿ ಹೊಡೀರಿ" ಎಂದು ತನಗೆ ಬಂದ ಹಿಂದಿಯಲ್ಲಿ ಮತ್ತೆ ಮತ್ತೆ ಹೇಳಿದಳು. ಅವಳ ದನಿ ನಡುಗುತ್ತಿತ್ತು, ನೀರಿನಲ್ಲೇ ನಿಂತಿದ್ದ ನನಗೂ ಕೇಳಿಸಿತು. ಕೊನೆಗೆ ಅವನು ಸೀಟಿ ಊದಿದ. ಅಲೆ ನಿಂತಿತು. ಮೇಲ್ವಿಚಾರಕಿಯೊಬ್ಬರು ಬಂದು ಮೊಬೈಲು ಕಸಿದು, ವಿಡಿಯೋ ಅಳಿಸಿ, ಮೂವರನ್ನೂ ಹೊರಗೆ ಕಳಿಸಿದರು. ಮಿತ್ರಾ ಮತ್ತೆ ನೀರಿಗೆ ಹೋದಳು.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಬರೀ ಹೆದರುಪುಕ್ಕಲಿ ಎನಿಸಿಕೊಂಡು ಪಾರಾಗುತ್ತಿದ್ದೆ.

ಮುಗಿಯಲಿಲ್ಲ. ಮಿತ್ರಾ ನಸೀಮಾ ಜೊತೆ ಅದೇ ಡ್ರೆಸ್ಸಿನಲ್ಲಿ ಒಂದು ಸೆಲ್ಫಿ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಔರಾದದಲ್ಲಿ ನಮ್ಮ ಕಾಕಾ ಇದ್ದಾರೆ. ನಿವೃತ್ತಿಯ ನಂತರ ಇಡೀ ಬಳಗದ ಸ್ಟೇಟಸ್ ಪರಿಶೀಲನೆಯೇ ಅವರ ಪೂರ್ಣಾವಧಿ ಹುದ್ದೆ. ಅರ್ಧ ಗಂಟೆಯಲ್ಲಿ ಆ ಫೋಟೋ ಕುಟುಂಬದ ಗ್ರೂಪಿನಲ್ಲಿತ್ತು. ಮರುಕ್ಷಣ ಅಣ್ಣನ ಫೋನು.

"ಆ ಡ್ರೆಸ್ ಯಾರು ಹಾಕ್ಕೋ ಅಂದ್ರು?"

ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಇದ್ದಂತೆ ಬರೆಯುತ್ತೇನೆ. "ನಾ ಬ್ಯಾಡಂದೆ ಅಣ್ಣಾ. ಆಕಿನೇ ಹಟ ಮಾಡಿದ್ಲು."

ಒಂದಕ್ಷರ ಸುಳ್ಳಿಲ್ಲ. ಬೆನ್ನಿಗೆ ಚೂರಿ ಹಾಕಲು ಸುಳ್ಳೇ ಬೇಕೆಂದೇನಿದೆ?

"ಹಂಗಾದ್ರ ಪಿಯುಸಿ ಭಾಲ್ಕ್ಯಾಗೇ ಮಾಡ್ಲಿ" ಎಂದು ಅಣ್ಣ ಫೋನಿಟ್ಟ. ಮಿತ್ರಾ ಪಕ್ಕದಲ್ಲೇ ತಲೆ ಒರೆಸಿಕೊಳ್ಳುತ್ತಿದ್ದಳು. ಎಲ್ಲ ಕೇಳಿಸಿತ್ತು. ಟವೆಲ್ಲು ಮುಖದ ಮೇಲೆಯೇ ಬಹಳ ಹೊತ್ತು ಇತ್ತು.

ಬಸ್ಸಿನಲ್ಲಿ ಅವಳು ಕಿಟಕಿ ಕಡೆ ತಿರುಗಿ ಕೂತಳು. ಜಹೀರಾಬಾದಿನಲ್ಲಿ ಚಹಾಕ್ಕೆ ನಿಂತಾಗ ನಾನೇ ಮಾತು ಶುರುಮಾಡಿದೆ. "ಸಾರಿ ಮಿತ್ರಾ."

"ನನಗ ಸಾರಿ ಬ್ಯಾಡ್ರಿ ಅತ್ತಿ" ಎಂದಳು. "ಅಪ್ಪಗ ಪೂರಾ ಹೇಳ್ರಿ."

ಮರುದಿನ ಕಾಲೇಜಿಗೆ ರಜೆ ಹಾಕಿ ಇಬ್ಬರೂ ಭಾಲ್ಕಿಗೆ ಹೋದೆವು. ಔರಾದದ ಕಾಕಾ ಮೊದಲ ಬಸ್ಸಿಗೇ ಬಂದು, ನಡುಮನೆಯಲ್ಲಿ ನ್ಯಾಯಾಧೀಶರಂತೆ ಕೂತಿದ್ದರು. "ನೀ ಇಷ್ಟು ಕಲ್ತಾಕಿ, ನಿನಗರ ತಿಳಿಬ್ಯಾಡೇನು?" ಎಂದು ನನ್ನನ್ನೇ ಮೊದಲು ಹಿಡಿದರು.

ನಾನು ಎಲ್ಲವನ್ನೂ ಹೇಳಿದೆ. ಮೂವರು ಯುವಕರು, ಅವಳು ಕೇಳಿದ "ಯಾಕ", ಸೀಟಿ, ನಸೀಮಾ. ಅಣ್ಣನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ಮಗಳ ಮುಖ ನೋಡಿದ, ಆಮೇಲೆ ನನ್ನ ಮುಖ.

"ಆಕಿ ಹೋಗಿ ಹೇಳೋ ಮುಂದ ನೀ ಏನ್ ಮಾಡ್ಲತ್ತಿದ್ದಿ?"

"ನಡಿ, ಮನಿಗಿ ಹೋಗಮು ಅನ್ಲತ್ತಿದ್ದೆ."

ಕಾಕಾ ಮಾತ್ರ ಬಿಡಲಿಲ್ಲ. "ಅದೆಲ್ಲಾ ಖರೇ ಇರ್ಬಹುದು. ಆದ್ರ ಅಂಥ ಡ್ರೆಸ್ ಹಾಕ್ಕೊಂಡು..."

ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ವೈನಿ, ಮಿತ್ರಾಳ ತಾಯಿ, ಆಗ ಬಾಯಿ ಬಿಟ್ಟರು. ಕಾಕಾನ ಮುಂದೆ ಸೆರಗು ಸರಿಮಾಡಿಕೊಳ್ಳದೆ ಎಂದೂ ಮಾತಾಡಿದವರಲ್ಲ. ಅವತ್ತೂ ಸರಿಮಾಡಿಕೊಂಡೇ ಕೇಳಿದರು: "ಕಾಕಾ, ಆ ಹುಡುಗರು ಕೇಳದೇ ವಿಡಿಯೋ ತೆಗದ್ರು ಅಂತ ಮೊಬೈಲ್ ಕಸಗೊಂಡ್ರಂತ. ನೀವು ಕೇಳದೇ ನನ್ನ ಮಗಳ ಫೋಟೋ ಎಷ್ಟು ಮಂದಿಗಿ ಕಳಸೀರಿ?"

ಕಾಕಾ ಚಹಾದ ಕಪ್ಪಿನೊಳಗೆ ಇಣುಕತೊಡಗಿದರು. ಅಲ್ಲಿ ಯಾವ ಸ್ಟೇಟಸ್ಸೂ ಇರಲಿಲ್ಲ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಔರಾದದ ಬಸ್ಸು ಹಿಡಿದರು.

ಅಣ್ಣ ಮೀಸೆ ತೀಡುತ್ತ ಮಗಳನ್ನು ಕೇಳಿದ, "ಹೆದ್ರಿಕಿ ಆಗ್ಲಿಲ್ಲೇನು?"

"ಆಗಿತ್ತಪ್ಪಾ. ಭಾಳ."

"ಹ್ಞೂಂ" ಎಂದ. ಅವನ ಕಣ್ಣು ತೇವವಾಗಿತ್ತು. ಎದ್ದು ಹೋಗಿ ಅವಳ ಮಾರ್ಕ್ಸ್ ಕಾರ್ಡು ತಂದು ನನ್ನ ಕೈಗಿಟ್ಟ. ಅಡ್ಮಿಷನ್ನಿನ ಅರ್ಜಿ ತುಂಬು ಎಂಬುದು ಅದರ ಅರ್ಥ.

ಹೊರಡುವಾಗ ನಾನು ವೈನಿಗೆ ಧೈರ್ಯ ಹೇಳಲು ಹೋದೆ. (ಚಟ ಬಿಡುವುದಿಲ್ಲ ನೋಡಿ.) "ಮಿತ್ರಾಂದು ಏನೂ ಚಿಂತಿ ಮಾಡಬ್ಯಾಡ್ರಿ ವೈನಿ" ಎಂದೆ.

"ಆಕಿದು ನನಗೇನೂ ಚಿಂತಿ ಇಲ್ಲ" ಎಂದರು ವೈನಿ. "ಜೋಡಿ ಇರಾಕಿದೇ ಚಿಂತಿ."

ಮಿತ್ರಾ ಈಗ ಮೈಲೂರಿನ ನಮ್ಮ ಮನೆಯಲ್ಲಿದ್ದಾಳೆ. ಬಂದ ವಾರದಲ್ಲೇ, ಬಸ್ಸಿನಲ್ಲಿ ಮೈಗೆ ತಾಗಿ ನಿಂತವನೊಬ್ಬನಿಗೆ "ಜರಾ ಸರೀರಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ ಬಂದಳಂತೆ. ಯಾಕೆ ಬೇಕಿತ್ತು ಎಂಬ ಮಾತು ತುಟಿಯವರೆಗೆ ಬಂದಿತ್ತು, ನುಂಗಿಕೊಂಡೆ.

ಹೆಣ್ಣುಮಕ್ಕಳಿಗೆ ಧೈರ್ಯ ಕಲಿಸಬೇಕು ಎನ್ನುತ್ತಲೇ ಇರುತ್ತೇವಲ್ಲ, ಅವರು ನಿಜವಾಗಿ ಕಲಿತು ಬಂದರೆ ನಾವು ಎಲ್ಲಿ ಅಡಗಿಕೊಳ್ಳುವುದು?