ಹಿಂದಕ್ಕೆ ನಾಲ್ಕು ಹೆಜ್ಜೆ

ಶಾಂತಾಳನ್ನು ಯಾರೂ ಓಡಿಸಲಿಲ್ಲ. ದಣಿದಿದ್ದಳು, ಹೂಂ ಅಂದಳು. ಹೂಂ ಅಂದ ಮೇಲೆ ಇಲ್ಲಿ ನಿಲ್ಲಲು ಅವಳಿಗೇ ಆಗಲಿಲ್ಲ, ಹೋದಳು. ನಡೆದದ್ದು ಇಷ್ಟೇ. ಊರಲ್ಲಿ ಬೇರೆ ಬೇರೆ ಹೇಳುತ್ತಾರೆ. ಹೇಳಲಿ.

ಹುಡುಗಿಯರಿಗೆ ಕುಣಿತ ಕಲಿಸುವ ಅಕ್ಕೋರು ಅವಳು. ನನ್ನ ಮಗಳಿಗಿಂತ ಚಿಕ್ಕವಳು. ಎದುರಿಗೆ ಅಕ್ಕೋರ ಅನ್ನುತ್ತಿದ್ದೆ, ಇಲ್ಲಿ ಅವಳು ಅಂತಲೇ ಬರೆಯುತ್ತೇನೆ. ನಾಲತವಾಡದವಳು. ಧಾರವಾಡದಲ್ಲಿ ಹೊಸ ಕುಣಿತ ಕಲಿತು, ಹಳೆಯ ಕುಣಿತ ಹುಡುಕಿಕೊಂಡು ಊರೂರು ತಿರುಗುತ್ತಿದ್ದಳು. ಹೊರ್ತಿಯ ಹತ್ತಿರದ ನಮ್ಮೂರಿಗೂ ಹಾಗೆಯೇ ಬಂದಳು. ಮಾತಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಮೊದಲ ದಿನ ನನ್ನ ಕಾಲಿಗೆ ಸೆಗಣಿ ಹತ್ತಿದೆಯೇನೋ ಅಂದುಕೊಂಡು ಸೀರೆ ಇಳಿಸಿಕೊಂಡೆ.

ಅವತ್ತು ನಾನು ಗೌಡರ ತೋಟದಲ್ಲಿ ಲಿಂಬೆ ಹರಿಯಲು ಎಷ್ಟು ಹೆಂಗಸರು ಬರುತ್ತೇವೆ ಅಂತ ಹೇಳಲು ಅವರ ಮನೆಗೆ ಹೋಗಿದ್ದೆ. ಅವಳು ಸಮುದಾಯ ಭವನದ ಕೀಲಿ ಕೇಳಲು ಬಂದು ನಿಂತಿದ್ದಳು. ನಾನು ಹೊರಟರೆ ಹಿಂದೆಯೇ ಓಡಿ ಬಂದಳು.

“ಆಯಿ, ಹಿಂದ ಹಿಂದ ಯಾಕ ಬಂದ್ರಿ?”

“ಯಾರು?”

“ನೀವ ರೀ. ಗೌಡ್ರ ಕಟ್ಟಿ ಬಿಟ್ಟು ನಾಲ್ಕ ಹೆಜ್ಜಿ ಹಿಂದಕ್ಕ ಬಂದ್ರಿ, ಆಮ್ಯಾಲ ತಿರುಗಿದ್ರಿ.”

“ಹುಚ್ಚಿದ್ದೀರಿ ಅಕ್ಕೋರ. ನನಗೇನ ಬೆನ್ನಾಗ ಕಣ್ಣ ಅದಾವೇನ, ಹಿಂದ ನಡ್ಯಾಕ?”

ಆದರೆ ಅವಳು ಹೇಳಿದ್ದು ಖರೆ. ಮದುವೆಯಾಗಿ ಬಂದಾಗ ಅತ್ತೆ ಕಲಿಸಿದ ನಡಿಗೆ ಅದು. ಗೌಡರ ಮನೆಗೆ ಬೆನ್ನು ತೋರಿಸಬಾರದು. ನಮ್ಮ ಮನೆಯವರು ಆ ಕಟ್ಟೆಯ ಮುಂದೆ ಹಲಗಿ ಬಡಿದು, ಬಾಗಿದ ನಡು ಎತ್ತದೆ, ಬೇವಿನ ಗಿಡದ ತನಕ ಹಿಂದೆ ಹಿಂದೆಯೇ ಬರುತ್ತಿದ್ದರು. ಈಗಿನ ಗೌಡ ಕೆಟ್ಟವನಲ್ಲ. ಬೆನ್ನೋ ಮುಖವೋ ಅವನು ನೋಡುವುದೂ ಇಲ್ಲ. ಅವನು ಮರೆತಿದ್ದಾನೆ, ನನ್ನ ಕಾಲು ಮರೆತಿಲ್ಲ. ಇಷ್ಟು ವರ್ಷ ನನಗೇ ಗೊತ್ತಾಗದ್ದನ್ನು ಇವಳು ಒಂದೇ ಸಲಕ್ಕೆ ನೋಡಿದಳಲ್ಲ ಅಂತ ಸಿಟ್ಟು ಬಂತು.

ಭವನದಲ್ಲಿ ಹನ್ನೆರಡು ಹುಡುಗಿಯರನ್ನು ಕೂಡಿಸಿದಳು, ಎಲ್ಲ ಓಣಿಯವರನ್ನೂ. ನೆಲಕ್ಕೆ ಬಿದ್ದು ಉರುಳುವುದು, ಗೋಡೆಗೆ ಒರಗಿ ಜಾರುವುದು. ನೋಡಿ ನನಗೆ ತಡೆಯಲಾಗಲಿಲ್ಲ.

“ಇದೇನ್ ಕುಣಿತರಿ ಅಕ್ಕೋರ? ಹೊಟ್ಟಿನೂವು ಬಂದಂಗ ಐತಿ.”

“ಹೊಟ್ಟಿನೂವೂ ಕುಣಿತನ ಆಯಿ” ಅಂತ ನಕ್ಕಳು.

ಯಾರು ಕರೆದರೂ ಹೋಗಿ ಉಣ್ಣುತ್ತಿದ್ದಳು. ನಮ್ಮ ಮನೆಯಲ್ಲಿ ಎರಡನೇ ರೊಟ್ಟಿ ಕೇಳಿ, “ಚಟ್ನಿ ಖಾರ ಸಾಲದು” ಅಂದಳು. ಗೌಡರ ಮನೆಯಲ್ಲೂ ಅದನ್ನೇ ಅಂದಳಂತೆ. ಗೌಡತಿ ವಾರಗಟ್ಟಲೆ ಅದನ್ನೇ ಆಡಿಕೊಂಡಳು. ನನಗೆ ಶಾಂತಾಳ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಹಲಗಿಯ ಮಾತು ಎತ್ತಿದಾಗ ಮಾತ್ರ ಬಾಗಿಲು ತೋರಿಸಿದೆ. ನಮ್ಮ ಗೋಡೆಗೆ ಬುದ್ಧನ ಫೋಟೋ ಬಂದ ದಿನವೇ ಹಲಗಿ ಬಾವಿಗೆ ಹೋಗಿತ್ತು. ನಮ್ಮ ಮನೆಯವರು ತಾವೇ ಒಗೆದು ಬಂದು ಕೈ ತೊಳೆದುಕೊಂಡಿದ್ದರು. ಈಗ ಮೊಮ್ಮಗಳು ಸುಜಾತಾಳ ಕೈಗೆ ಅದನ್ನು ಕೊಡುವುದೇ?

“ಹಲಗೀದು ಏನ್ ತಪ್ಪೈತ್ರಿ ಆಯಿ? ಬಾಗಿ ಬಾರಸು ಅಂದವ್ರದು ತಪ್ಪು” ಅಂದಳು. “ಈ ಹುಡುಗ್ಯಾರು ಹಲಗಿ ಬಾರಸ್ಕೋತ, ಬಾಗಿ, ಹಿಂದ ಹಿಂದ ಬರ್ತಾರ. ಕಡೀಕ ನಡು ಎತ್ತತಾರ. ಬೆನ್ನು ತಿರುಗಿಸಿ, ತಮ್ಮ ಮನೀಗೆ ತಾವು ಹೋದಂಗ ಸಾವಕಾಶ ನಡದು ಹೋಗತಾರ. ಅಷ್ಟ.”

ನಾನು ಒಂದೇ ಮಾತು ಹೇಳಿದೆ, “ಕಡೀಕ ತಿರಗಬೇಕು. ತಿರಗಲಿಲ್ಲಂದ್ರ ನಮ್ಮ ಹುಡುಗಿನ್ನ ಕಳಸೂದಿಲ್ಲ.”

“ತಿರಗತಾರ” ಅಂತ ನನ್ನ ಕೈ ಹಿಡಿದು ಹೇಳಿದಳು.

ಹಲಗಿ ಇರಲಿಲ್ಲವಲ್ಲ, ಮೊರ ಹಿಡಿದುಕೊಂಡು ನಮ್ಮ ಮನೆಯವರು ಹೇಗೆ ಬರುತ್ತಿದ್ದರು ಅಂತ ಅಂಗಳದಲ್ಲಿ ನಾನೇ ಮಾಡಿ ತೋರಿಸಿದೆ. ಅವಳು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ನನ್ನ ಹಿಮ್ಮಡಿಯನ್ನೇ ನೋಡಿದಳು. ಸುಜಾತಾ ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

ಅವಳು ಎಲ್ಲಿ ಹೋದರೂ ಅವಳ ಕುಣಿತದಲ್ಲಿ ಏನಾದರೊಂದು ಕತ್ತರಿಸಿದವರೇ. ಸಿಂದಗಿಯಲ್ಲಿ ಹಲಗಿ ಬೇಡ, ಸಿನಿಮಾ ಹಾಡು ಹಚ್ಚಿರಿ ಅಂದರಂತೆ. ಬಾಗೇವಾಡಿಯಲ್ಲಿ ಹುಡುಗಿಯರು ನೆಲದ ಮೇಲೆ ಉರುಳುವುದು ಚಂದ ಕಾಣುವುದಿಲ್ಲ ಅಂದರಂತೆ. ಮುದ್ದೇಬಿಹಾಳದಲ್ಲಿ ಭಾಷಣ ಲಂಬಿಸಿ ಕುಣಿತಕ್ಕೆ ಐದು ನಿಮಿಷ ಕೊಟ್ಟರಂತೆ. ನಗುತ್ತಲೇ ಹೇಳುತ್ತಿದ್ದಳು. ಆದರೆ ಹೇಳಿ ಮುಗಿಸಿ ಗೋಡೆಗೆ ಒರಗಿದರೆ, ಅದು ಕುಣಿತದ ಒರಗುವಿಕೆ ಆಗಿರಲಿಲ್ಲ.

ಇಂಡಿಯಲ್ಲಿ ಕಾರ್ಯಕ್ರಮ, ಮಧ್ಯಾಹ್ನ. ನಾನೂ ಹೋಗಿದ್ದೆ. ಹುಡುಗಿಯರು ಬಣ್ಣ ಹಚ್ಚಿಕೊಂಡು ಸ್ಟೇಜಿನ ಹಿಂದೆ ಕೂತಿದ್ದರು. ಅಲ್ಲೇ ಜೋಳದ ಕಣಿಕೆಗೆ ಬೆಂಕಿ ಹಚ್ಚಿ ಶಾಂತಾ ಬೇರೆ ಊರಿಂದ ಕೇಳಿ ತಂದಿದ್ದ ಹಲಗಿ ಕಾಯಿಸುತ್ತಿದ್ದಳು, ಕಾಯಿಸದಿದ್ದರೆ ಚರ್ಮ ಬಿಗಿಯಾಗುವುದಿಲ್ಲ. ಮುಂಜಾನೆ ತಾಲೀಮು ನೋಡಿದ್ದ, ಕಾರ್ಯಕ್ರಮ ನಡೆಸುವವನೊಬ್ಬ ಬಂದ.

“ಅಕ್ಕೋರ, ಎಲ್ಲಾ ಛಲೋ ಐತ್ರಿ. ಆ ಕಡೀದಷ್ಟು ಬಿಟ್ಟಬಿಡ್ರಿ. ಮುಂದಿನ ಸಾಲಿನ್ಯಾಗ ದೊಡ್ಡಮಂದಿ ಕುಂತಾರ. ಬೆನ್ನು ತೋರಸೂದು ಬ್ಯಾಡ.”

“ಅದ ಬಿಟ್ರ ಏನ ಉಳೀತೈತ್ರಿ?”

“ಎಲ್ಲಾ ಉಳೀತೈತಲ್ರಿ! ಹಿಂದ ಹಿಂದ ಬರೂದಂತೂ ಭಾಳ ಚಂದ ಐತಿ.”

ಅವಳು ಹುಡುಗಿಯರ ಕಾಲು ನೋಡಿದಳು. ಗೆಜ್ಜೆ ಕಟ್ಟಿಕೊಂಡು ತಯಾರಾಗಿದ್ದವು. ನನ್ನ ಕಡೆ ನೋಡಲಿಲ್ಲ. ಹೂಂ ಅಂದಳು.

ಸುಜಾತಾ ತನ್ನ ಅಜ್ಜನ ಹಾಗೆಯೇ ಬಾಗಿ, ಹಿಂದೆ ಹಿಂದೆ ಬಂದು, ಪರದೆಯ ಮರೆಗೆ ಹೋದಳು. ಬರೋಬರಿ ಹಾಗೆಯೇ. ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಶಾಂತಾಳಿಗೆ ಶಾಲು ಹೊದಿಸಿದರು. ಅವಳು ಆ ಶಾಲಿನಲ್ಲಿ ಒದ್ದೆ ಬೆಕ್ಕಿನ ಹಾಗೆ ನಿಂತಿದ್ದಳು.

ಸಂಜೆ ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದಳು.

“ಆಯಿ, ಬೈರಿ.”

“ಬೈಯಾಕ ನನಗ ತ್ರಾಣಿಲ್ಲ. ಚಹಾ ಕುಡೀತೀ?”

“ಹುಡುಗ್ಯಾರು ಬಣ್ಣ ಹಚಗೊಂಡ ಕುಂತಿದ್ರು. ಹಂಗ ಹೊಳ್ಳಿ ಕರಕೊಂಡ ಬರಾಕ ಆಗ್ಲಿಲ್ರಿ.”

“ಗೊತ್ತೈತಿ.”

“ನಿಮ್ಮ ಮನಿಯವ್ರ ನಡಿಗಿನ್ನ ಮತ್ತ ಅಂಥವರ ಮುಂದನ ಮಾಡಿಸಿದೆ.”

“ಮಾಡಿಸಿದಿ. ಚಪ್ಪಾಳಿ ಹೊಡದ್ರು. ನಮ್ಮ ಮನಿಯವ್ರಿಗೆ ಅದೂ ಸಿಕ್ಕಿರ್ಲಿಲ್ಲ.”

ಅಷ್ಟು ಬಿರುಸಾಗಿ ಅನ್ನಬಾರದಿತ್ತು. ಆದರೆ ಖರೆ ಇತ್ತು, ಅಂದೆ. ಅವಳು ಚಹಾ ಪೂರ್ತಿ ಕುಡಿದು ಲೋಟ ತೊಳೆದಿಟ್ಟಳು.

“ಇರು” ಅಂದೆ. “ಇನ್ನೊಮ್ಮೆ ಮಾಡಿಸೀಯಂತ.”

“ಇನ್ನ ಆಗೂದಿಲ್ರಿ ಆಯಿ. ಪ್ರತಿ ಊರಾಗ ಒಂದೊಂದು ಬಿಟ್ಟ ಬಿಟ್ಟ, ನನ್ನ ಕಡೆ ಏನೂ ಉಳದಿಲ್ಲ.”

ಕೈ ಮುಗಿದು ಹೊರಟಳು. ಹೊಸ್ತಿಲು ದಾಟಿ, ನನ್ನ ಕಡೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೋದಳು. ಒಂದು, ಎರಡು, ಮೂರು, ನಾಲ್ಕು. ಬೇಕೆಂದು ಮಾಡಿದಳೋ, ಅವಳ ಕಾಲು ತಾನೇ ಮಾಡಿತೋ ನಾನು ಕೇಳಲಿಲ್ಲ. ನನ್ನ ಬಾಗಿಲಿಂದ ಯಾರೂ ಹಾಗೆ ಹೋದವರಿಲ್ಲ. ನೋಡಲಾಗಲಿಲ್ಲ.

“ಹೊಳ್ಳಿ ನಡಿ, ಎಡವಿ ಬಿದ್ದೀ!” ಅಂತ ಬೈದೆ. ಆಗ ತಿರುಗಿದಳು. ಸಿಂದಗಿ ಬಸ್ಸು ಹತ್ತಿದಳು ಅಂತ ಯಾರೋ ಹೇಳಿದರು. ಆಮೇಲೆ ಅವಳು ಬಂದಿಲ್ಲ, ಸುದ್ದಿಯೂ ಇಲ್ಲ.

ಮರುದಿನ ಮುಂಜಾನೆ ರೊಟ್ಟಿ ಬಡಿದಿಟ್ಟು ಗೌಡರ ಮನೆಗೆ ಹೋದೆ. ಲಿಂಬೆ ಹರಿಯಲು ಎಂಟು ಮಂದಿ ಬರುತ್ತೇವೆ ಅಂದೆ. ಗೌಡ ಫೋನಿನಿಂದ ತಲೆ ಎತ್ತದೆ ಹೂಂ ಅಂದ. ನನ್ನ ಎಡಗಾಲು ತಾನಾಗಿ ಹಿಂದಕ್ಕೆ ಹೋಯಿತು. ಎಳೆದು ನಿಲ್ಲಿಸಿದೆ. ತಿರುಗಿದೆ. ಬೆನ್ನು ಸುಟ್ಟಂತಾಯಿತು, ಬಿಸಿಲಿಗೆ ಇರಬಹುದು.

ಗೌಡತಿ ಬಾಗಿಲಿಗೆ ಬಂದು ಕೂಗಿದಳು. “ಏನಬೇ ಭೀಮವ್ವ, ಹಂಗ ಯಾಕ ಹೊಂಟಿ? ಸಿಟ್ಟ ಬಂದೈತೇನ?”

“ಇಲ್ರೀ” ಅಂದೆ, ನಿಲ್ಲದೆ. “ನಮ್ಮ ಮನಿ ಈ ಕಡೆ ಐತ್ರಿ.”