ಸಮುದ್ರದ ಖೋಲಿಗೆ ಹಾಕಿದ ಟವೆಲ್

ಪುಣೆಯ ಹಡಪಸರದಿಂದ ನಮ್ಮ ಟೆಂಪೊ ಟ್ರಾವೆಲರ್ ಬೆಳಿಗ್ಗೆ ಐದಕ್ಕೆ ಹೊರಡಬೇಕಿತ್ತು. ಹೊರಟದ್ದು ಏಳೂವರೆಗೆ. ಹದಿನಾಲ್ಕು ಜನ, ಒಂದೇ ರಾತ್ರಿಯ ವಾಸ, ಸೈನ್ಯವೊಂದು ಮೂರು ತಿಂಗಳು ಕೋಟೆಗೆ ಮುತ್ತಿಗೆ ಹಾಕಲು ಸಾಲುವಷ್ಟು ಖಡಕ್ ರೊಟ್ಟಿ. ಕೊಂಕಣದಲ್ಲಿ ನಾವು ಬಾಡಿಗೆಗೆ ಹಿಡಿದ ವಿಲ್ಲಾದಲ್ಲಿ ಊಟ ಅವರದೇ ಎಂದು ಅಪ್ಪ ಸಾರಿ ಸಾರಿ ಹೇಳಿದ್ದರು. ಆದರೂ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ಕಾಕಾ, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಹಸುಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡೇ ಕೂತರು.

ಪ್ರವಾಸ ನಡೆದದ್ದು ಅತ್ಯಾನ ಸಲುವಾಗಿ. ಅತ್ಯಾ ಎಂದರೆ ಅಪ್ಪನ ಅಕ್ಕ, ವಿಜಯಪುರದವಳು. ಎರಡೂ ಮೊಣಕಾಲು ಸವೆದಿದ್ದವು. ಮುಂದಿನ ವಾರ ಪುಣೆಯಲ್ಲಿ ಆಪರೇಷನ್. ಸಮುದ್ರವನ್ನು ಅವಳು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದಳು. "ಕಾಲ ಕೊಯ್ಯೂಕಿಂತ ಮೊದ್ಲ ಒಮ್ಮೆ ಸಮುದ್ರ ತೋರಸ್ರೆಪಾ" ಎಂದು ಕೇಳಿದ್ದಳು.

ತಾಮ್ಹಿಣಿ ಘಾಟಿನಲ್ಲಿ ಒಂಬತ್ತು ಸಾವಿರ ತಿರುವುಗಳಿವೆ. ನಾನೇ ಎಣಿಸಿದೆ. ನಡುವೆ ಎರಡು ಸಲ ವಾಂತಿಗೆ ಇಳಿದಾಗ ಒಂದೆರಡು ತಪ್ಪಿರಬಹುದು. ಘಾಟ್ ಹತ್ತುವ ಮೊದಲು ದಯವಿಟ್ಟು ಖಾರದ ರಸ ಸುರಿದ ಮಿಸಳ್ ತಿನ್ನಬೇಡಿ. ನೂರಾ ಅರವತ್ತು ಕಿಲೋಮೀಟರಿಗೆ ಆರು ತಾಸು ಹಿಡಿಯಿತು. ಕೆಳಗಿಳಿದಾಗ ಮೇ ತಿಂಗಳ ಸೆಕೆಗೆ ಕಾಕಾನ ಮೀಸೆಯೂ ಬೆವರುತ್ತಿತ್ತು. ದಾರಿಯುದ್ದಕ್ಕೂ ತೆಂಗಿನ ತೋಟ. ಸಮುದ್ರ ಮಾತ್ರ ಎಲ್ಲೂ ಕಾಣಲಿಲ್ಲ.

ವಿಲ್ಲಾ ನೋಡಿಕೊಳ್ಳುವ ಮಾವಶಿ ಗೇಟಿನಲ್ಲೇ ನಲ್ಲಿ ತೋರಿಸಿ, "ಆಧಿ ಪಾಯ್ ಧುವಾ" ಎಂದರು. ಎಲ್ಲರೂ ಕಾಲು ತೊಳೆಯುತ್ತ ನಿಂತರು. ನಾನು ತೊಳೆಯದ ಕಾಲಲ್ಲೇ ಒಳಗೆ ಓಡಿದೆ. ಐದು ಖೋಲಿಗಳಿದ್ದವು. ನಾಲ್ಕರ ಕಿಟಕಿಗೆ ನೀರಿನ ಟಾಕಿ, ಗೋಡೆ, ತೆಂಗಿನ ಬುಡ. ಕೆಳಗಿನ ಒಂದಕ್ಕೆ ಮಾತ್ರ ಗಾಜಿನ ಬಾಗಿಲು, ಅದರಾಚೆ ಆ ಖೋಲಿಯಿಂದಷ್ಟೇ ಹೋಗಬಹುದಾದ ಜಗುಲಿ, ಜಗುಲಿಯ ಮುಂದೆ ಸಮುದ್ರ. ಹಾಸಿಗೆಯ ಮೇಲೆ ಟವೆಲ್ ಎಸೆದೆ.

ಟವೆಲ್ ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿದವನದೇ ಸೀಟು. ತಹಶೀಲ್ದಾರ ಬಂದರೂ ಎಬ್ಬಿಸುವಂತಿಲ್ಲ. ನನಗೆ ಆರು ವರ್ಷವಿದ್ದಾಗ ನನ್ನನ್ನೇ ಎತ್ತಿ, ಟವೆಲ್ ಸಮೇತ ಕಿಟಕಿಯೊಳಗೆ ತೂರಿಸಿ ಈ ವಿದ್ಯೆ ಕಲಿಸಿದವಳು ಅತ್ಯಾ.

"ಸಂಜ್ಯಾ, ಈ ಖೋಲಿ ಅತ್ಯಾಗ ಬಿಡು" ಎಂದಳು ಅವ್ವ.

"ಟವೆಲ್ ಹಾಕೀನಿ!"

ಕಾಕಾ ನಕ್ಕರು. "ಇಂಥಾ ಹುಡುಗ ಬೇಕ್ ನೋಡ್ರಿ ಮಾರ್ಕೆಟ್ ಯಾರ್ಡಿಗೆ!"

ಅಪ್ಪ ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ಕೋಲೂರಿಕೊಂಡು ಬಂದ ಅತ್ಯಾ ಟವೆಲ್ ನೋಡಿದಳು. "ಹಾಕ್ಯಾನಲ್ಲ, ಆತು. ಕಲಿಸಿದಾಕಿ ನಾನ, ಈಗ ನಾನ ಹ್ಯಾಂಗ ಎಬ್ಬಸ್ಲಿ? ಸಂಜೀಕ ಸಮುದ್ರದ ದಂಡಿಗೆ ಹೋದ್ರಾತು" ಎಂದು ಟಾಕಿಯ ಖೋಲಿಗೆ ಹೋದಳು.

ಸಂಜೆ ಅಪ್ಪ, ಕಾಕಾ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಹತ್ತು ಹೆಜ್ಜೆಗೆ, ಸಮುದ್ರ ಇನ್ನೂ ತೆಂಗಿನ ಮರೆಯಲ್ಲಿರುವಾಗಲೇ, ಕುರ್ಚಿಯ ಕಾಲು ಮುರಿಯಿತು. ಅತ್ಯಾ ಉಸುಕಿನಲ್ಲಿ ಕೂತು, "ನನಗಿಂತಾ ಮೊದ್ಲ ಇದರ ಕಾಲಿಗೆ ಆಪರೇಷನ್ ಮಾಡಸ್ರಿ" ಎಂದು ನಕ್ಕಳು. ಮೊಣಕಾಲು ಊದಿಕೊಂಡಿತು; ಒಳಗೆ ಮಲಗಿಸಿದರು. ವಿಲ್ಲಾಕ್ಕೆ ಹೋಗುವವರು ಕುರ್ಚಿ ಕಟ್ಟಿಗೆಯದೇ ಕೇಳಿ ಪಡೆಯಿರಿ.

ನಾನು ಏಸಿಯನ್ನು ಹದಿನಾರಕ್ಕಿಟ್ಟು, ಪಡದೆ ಎಳೆದು, ಚಿಲಕ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಮಲಗಿದೆ. ಎದ್ದದ್ದು ಮರುದಿನ ಹತ್ತೂವರೆಗೆ. ಹನ್ನೊಂದಕ್ಕೆ ಖೋಲಿ ಬಿಡಬೇಕಿತ್ತು.

"ಅತ್ಯಾ ಜಗಲಿ ಮ್ಯಾಲೆ ಕುಂದರ್ತೀನಿ ಅಂತ ಮುಂಜಾನಿಂದ ಮೂರ ಸಲಾ ಬಂದು ಬಾಗಲಾ ಬಡದ್ರು" ಎಂದಳು ಅವ್ವ. "ನಾ ಎಬ್ಬಸಾಕ ಬಂದ್ರ, ಮಲಕೊಳ್ಳಿ ಬಿಡು ಪಾಪ, ಅಂದ್ರು."

ಓಡಿಹೋಗಿ ಪಡದೆ ಸರಿಸಿದೆ. ಹೊರಗೆ ಅಕಾಲದ ಮಳೆ. ಸಮುದ್ರವಿದ್ದ ಜಾಗದಲ್ಲಿ ಬರೀ ಬಿಳುಪು. ಒಂಬತ್ತರವರೆಗೂ ನೀರು ಕನ್ನಡಿಯಂತಿತ್ತು ಎಂದು ಮಾವಶಿ ಮರಾಠಿಯಲ್ಲಿ ಹೇಳಿದರು. ಅತ್ಯಾನನ್ನು ಕರೆತಂದು ಜಗುಲಿಯ ಮೇಲೆ ಕೂರಿಸಿದೆ. ಅವಳು ಕಾಲು ಗಂಟೆ ಮಳೆಯನ್ನು ನೋಡಿದಳು. ಘಾಟಿನಲ್ಲಿ ಮಂಜು ಬೀಳುತ್ತದೆ ಎಂದು ಡ್ರೈವರ್ ಹಾರ್ನ್ ಒತ್ತಿದ.

ವಾಪಸ್ ಬರುವಾಗ ಅವಳ ಪಕ್ಕ ಕೂತೆ. ಅವಳು ಕೇಳಿದಳು: "ನಿನ್ನ ಖೋಲ್ಯಾಗಿಂದ ಸಮುದ್ರ ಹ್ಯಾಂಗ ಕಾಣ್ತಿತ್ತೋ? ಉಪ್ಪು ಖಾರ ಹಚ್ಚಿ ಹೇಳು. ನೀ ಹೇಳೂದಂದ್ರ ನಂಗ ಭಾಳ ಸೇರ್ತದ."

ನಾಯಿಯಷ್ಟು ದೊಡ್ಡ ಏಡಿ ಕಂಡೆನೆಂದು ಗೆಳೆಯರಿಗೆ ಆಗಲೇ ಮೆಸೇಜ್ ಕಳಿಸಿದ್ದೆ. ಅತ್ಯಾನಿಗೆ ಹೇಳಲು ಒಂದು ಅಲೆಯೂ ಬಾಯಿಗೆ ಬರಲಿಲ್ಲ.

"ಪಡದೇನ ತಗೀಲಿಲ್ಲ, ಅತ್ಯಾ."

ಅವಳು ಸೆರಗಿನಿಂದ ಕಿಟಕಿಯ ಗಾಜು ಒರೆಸಿದಳು. "ಸೀಟ್ ಹಿಡದಾವ ಕುಂದರಬೇಕೋ ತಮ್ಮಾ" ಎಂದಳು. "ಇಲ್ಲಾಂದ್ರ ಕುಂದರೂವರಿಗೆ ಬಿಡಬೇಕು."

ವಿಜಯಪುರದ ಆ ಬಸ್ಸುಗಳಲ್ಲಿ ನಾನು ಹಿಡಿದ ಸೀಟಿನಲ್ಲಿ ಕೂರುತ್ತಿದ್ದವಳು ಅವಳು. ನಾನು ಅವಳ ತೊಡೆಯ ಮೇಲೆ. ಅದು ಆಗ ನೆನಪಾಯಿತು.

ಟವೆಲನ್ನು ನಾಲ್ಕು ಮಡಿಕೆ ಮಾಡಿ ಅವಳ ಊದಿದ ಮೊಣಕಾಲಿನ ಕೆಳಗೆ ಇಟ್ಟೆ. ಘಾಟಿನ ತುದಿಯಲ್ಲಿ ಹಿಂದಿರುಗಿ ನೋಡಿದೆ. ಮಳೆ ನಿಂತಿತ್ತು. ಸಮುದ್ರ ಅಲ್ಲಿಂದ ಕಾಣುವುದಿಲ್ಲ.