ಕಳಿಸುವ ಕೀಫ್ರೇಮ್

ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ನನ್ನದೊಂದು ಮಾತು. ತೀರಿಹೋದವರನ್ನು ಪರದೆಗೆ ಕರೆಸುವ ಮೊದಲು, ಅವರು ಯಾವಾಗ ಎದ್ದು ಹೋಗಬೇಕು ಅನ್ನುವುದನ್ನು ಗಿರಾಕಿ ಹತ್ತಿರ ಮಾತಾಡಿಕೊಂಡುಬಿಡಿ. ಬಂದಮೇಲೆ ಚೌಕಾಸಿ ನಡೆಯುವುದಿಲ್ಲ.

ಕುಶಾಲನಗರದಲ್ಲಿ ಬಾಡಿಗೆ ಕ್ಯಾಮೆರಾ ಹಿಡಿದು ಶುರುಮಾಡಿ ಸ್ವಂತ ಸ್ಟುಡಿಯೋ ಮಾಡಿಕೊಂಡವನು ನಾನು. ಮಾತಿನಲ್ಲಿ ನನ್ನನ್ನು ಬಗ್ಗಿಸಿದವರು ಕಡಿಮೆ. ಶಿರಂಗಾಲದ ಕಡೆಯ ಒಬ್ಬ ಅಕ್ಕ ಬಗ್ಗಿಸಿದರು.

ಅವರ ಮಗಳ ಮದುವೆಗೆ ನಾನೇ ಕ್ಯಾಮೆರಾ ಹಿಡಿದಿದ್ದೆ. ಮದುವೆ ಗೊತ್ತಾದಮೇಲೆ ಅಕ್ಕನ ಗಂಡ ತೀರಿಕೊಂಡಿದ್ದರು. ಮದುವೆ ಮುಗಿದು ನಾನು ಎಡಿಟ್‌ಗೆ ಕೂತಾಗ ಅಕ್ಕ, ಶುಂಠಿ ಹೊಲದಲ್ಲಿ ಹೆಗಲಿಗೆ ಟವೆಲ್ ಹಾಕಿ ನಿಂತಿದ್ದ ಗಂಡನ ಫೋಟೋ ತಂದು, “ಇವ್ರು ಮದ್ವೇಗೆ ಬರ್ಬೇಕು ಅಣ್ಣ” ಅಂದರು.

ಕೆಲಸ ಕಷ್ಟದ್ದಲ್ಲ. ಫೋಟೋದಿಂದ ಆಳನ್ನು ಬಿಡಿಸಿಕೊಂಡೆ. ಛತ್ರದ ಬಾಗಿಲಲ್ಲಿ ಒಂದು ಕೀಫ್ರೇಮ್, ಮಂಟಪದ ಪಕ್ಕ ಇನ್ನೊಂದು. ಇಲ್ಲಿಂದ, ಅಲ್ಲಿಗೆ ಅಂತ ಎರಡು ಗುರುತು ಇಟ್ಟರೆ ನಡುವಿನ ದಾರಿಯನ್ನು ಕಂಪ್ಯೂಟರೇ ನಡೆಸುತ್ತದೆ. ಹೂವು, ಹೆಸರು ಎಲ್ಲ ಹೀಗೇ ಓಡಾಡಿಸಿದವನು ನಾನು. ಅವತ್ತೂ ಹಾಗೇ ಪ್ಲೇ ಒತ್ತಿದೆ. ಆ ಮನುಷ್ಯ ಕಾಲೆತ್ತದೆ ನೆಂಟರ ನಡುವೆ ಬಂದರು. ಕುರ್ಚಿಯಲ್ಲಿದ್ದ ಒಬ್ಬ ಮುದುಕಿ ಸರಿಯಾಗಿ ಅದೇ ಹೊತ್ತಿಗೆ ಸೆರಗು ಎಳೆದುಕೊಂಡು ದಾರಿ ಬಿಟ್ಟಳು.

“ಧಾರೆ ಆದ್ಮೇಲೆ ಮಸುಕು ಮಾಡಿ ತೆಗೀತೀನಿ ಅಕ್ಕ.”

“ಉಣ್ದೇ ಕಳಿಸ್ತೀರಾ? ನಿಮ್ಮನೇಲಿ ನೆಂಟ್ರನ್ನ ಹಿಂಗೇ ಕಳ್ಸೋದಾ?”

“ಸರಿ, ಆರತಿವರ್ಗೂ ಇರ್ಲಿ.”

“ಊಟದ ವಿಡಿಯೋ ಹಾಕಿ, ತೋರಿಸ್ತೀನಿ.”

ಹಾಕಿದೆ. ಕೊನೆಯ ಟೇಬಲ್ಲಿನ ತುದಿಯಲ್ಲಿ ಯಾರೂ ಕೂರದ ಒಂದು ಎಲೆ. ಬಡಿಸುವವರು ಅದಕ್ಕೂ ಬಡಿಸುತ್ತ ಹೋಗಿದ್ದರು. ಶೂಟ್ ಮಾಡುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ನಾನೇ ಹಾಕ್ಸಿದ್ದು. ಬಂದ್ರೋ ಇಲ್ವೋ, ಯಾರ್ನ ಕೇಳ್ಲಿ? ನೀವೇ ಕೂರ್ಸಿ.”

ಗಂಡನ ಚಿತ್ರವನ್ನು ಚಿಕ್ಕದು ಮಾಡಿ ಎಲೆಯ ಮುಂದೆ ಕೂರಿಸಿದೆ. ಸೊಂಟದ ಕೆಳಗಿನದು ಟೇಬಲ್ಲಿಗೆ ಮರೆಯಾಯಿತು. ತೆಗೆಯುವ ಕೀಫ್ರೇಮ್ ಹಾಕಲು ಅಕ್ಕ ಬಿಡಲಿಲ್ಲ. ಹಾಕದಿದ್ದರೆ ಕ್ಲಿಪ್ ಮುಗಿಯುವವರೆಗೂ ಹೋಗುವುದಿಲ್ಲ ಅಂತ ಎಚ್ಚರಿಸಿದೆ.

“ಪ್ಲೇ ಮಾಡಿ ಹೊರಗೆ ಬನ್ನಿ” ಅಂತ ಎದ್ದರು.

ಹಿರಿಯರಿಗೆ ಎಡೆ ಇಟ್ಟರೆ ಬಾಗಿಲು ಹಾಕಿಕೊಂಡು ಆಚೆ ನಿಲ್ಲುವುದು ನಮ್ಮ ಮನೆಯಲ್ಲೂ ಇದೆ. ಉಣ್ಣುವವರನ್ನು ನೋಡಬಾರದು. ಆದರೆ ಸ್ಟುಡಿಯೋ ಬಾಗಿಲು ಎಳೆದುಕೊಂಡು, ಬೀದಿಯಲ್ಲಿ ಸಿದ್ದಾಪುರದ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ನಿಲ್ಲುವುದು ಬೇರೆ. ಒಳಗೆ ಊಟದ ಗದ್ದಲ. “ಸಾರು, ಸಾರು” ಅನ್ನುವ ದನಿ ಒಂದು ಕಡೆ ನಿಂತು, ಮುಂದೆ ಹೋಯಿತು. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು.

ಸದ್ದು ನಿಂತಿತು. ನನ್ನದೇ ಬಾಗಿಲು, ತಳ್ಳಲು ನನ್ನ ಕೈ ಏಳಲಿಲ್ಲ. ಅಕ್ಕನೇ ಸಣ್ಣಗೆ ಕೆಮ್ಮಿ, ಬೆರಳ ಗೆಣ್ಣಿನಿಂದ ತಟ್ಟಿ, ಸ್ವಲ್ಪ ತಡೆದು ತೆರೆದರು.

ಪರದೆಯಲ್ಲಿ ಎಲ್ಲರೂ ಎದ್ದುಹೋದ ಸಾಲು. ಎಲೆಯ ಮುಂದೆ ಆ ಮನುಷ್ಯ ಒಬ್ಬರೇ.

ಅಕ್ಕ ತುಂಬ ಹೊತ್ತು ನೋಡಿದರು. “ಉಂಡಾಯ್ತು. ಈಗ ಕಳ್ಸಿ ಅಣ್ಣ. ಜೋರಾಗಿ ಬೇಡ.”

ಕೊನೆಯ ಕೀಫ್ರೇಮ್ ಇಟ್ಟೆ. “ಇನ್ನೂ ನಿಧಾನ” ಅಂದರು. ಗುರುತನ್ನು ಬಲಕ್ಕೆ ಎಳೆದೆ; ದೂರ ಹೋದಷ್ಟೂ ಮಸುಕಾಗುವುದು ನಿಧಾನ. “ಇನ್ನೂ.” ಎಳೆಯುತ್ತಲೇ ಹೋದೆ. ಟವೆಲ್ಲಿನ ಬಿಳುಪು ಎಲ್ಲಕ್ಕಿಂತ ಕೊನೆಗೆ ಹೋಯಿತು.